ಭೀಮೆಗೆ ಸೇರಬೇಕಿದ್ದ ನೀರಿನಲ್ಲಿ ನಾಯಿಗಳ ಈಜು

ಡಿಸೆಂಬರ್ ಕಳೆಯುವ ಹೊತ್ತಿಗೆ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕರ್ಜತ್ ಸುತ್ತಲಿನ ಹಳ್ಳಗಳು ಒಂದೊಂದಾಗಿ ಸೊರಗುತ್ತವೆ. ಮಳೆಗಾಲದಲ್ಲಿ ಭೋರ್ಗರೆದ ಜಲಪಾತಗಳ ಜಾಗದಲ್ಲಿ ಕರಿಬಂಡೆ ಮಾತ್ರ ಉಳಿಯುತ್ತದೆ. ಪೇಜ್ ನದಿ ಮಾತ್ರ ಬತ್ತುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲೂ ಅದು ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಹರಿದು ಉಲ್ಹಾಸ್ ನದಿಯನ್ನು ಸೇರುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನಾಯಿ ಸಾಕಿದ ಮನೆಗಳವರು ಚಳಿಗಾಲದ ಶನಿವಾರಗಳಂದು ಟೆಂಟು ಕಟ್ಟಿಕೊಂಡು ಈ ಕಡೆಗೆ ಹೊರಡುವುದಕ್ಕೆ ಮೊದಲ ಕಾರಣ ಈ ಬತ್ತದ ನೀರು.

ಈ ನೀರಿನ ಹಿಂದೆ ನೂರು ವರ್ಷ ಮೀರಿದ ಕಥೆಯಿದೆ. ಘಟ್ಟದ ಮೇಲೆ ಆಂಧ್ರಾ ಎಂಬ ಹೆಸರಿನ ಒಂದು ಹೊಳೆಯಿದೆ. ಅದು ಪೂರ್ವಕ್ಕೆ ಹರಿದು ಇಂದ್ರಾಯಣಿಯನ್ನು ಸೇರುತ್ತದೆ. ಇಂದ್ರಾಯಣಿ ಆಳಂದಿಯನ್ನು ದಾಟಿ ಭೀಮೆಗೆ ಸೇರುತ್ತದೆ. ಭೀಮೆ ಪಂಢರಪುರದ ಮುಂದೆ ಹಾದು, ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಬಳಸಿ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಟಾಟಾ ಸಂಸ್ಥೆಯವರು ಈ ಹೊಳೆಗೆ ಠೋಕರ್‌ವಾಡಿಯಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ಘಟ್ಟದ ಪಶ್ಚಿಮಕ್ಕೆ ತಿರುಗಿಸಿ, ಕೊಳವೆಗಳಲ್ಲಿ ಕೆಳಗಿಳಿಸಿ, ಭಿವ್‌ಪುರಿಯಲ್ಲಿ ವಿದ್ಯುತ್ ತೆಗೆಯತೊಡಗಿದ್ದು 1922ರಲ್ಲಿ. ಮುಂಬಯಿಯ ಗಿರಣಿಗಳಿಗೂ ದೀಪಗಳಿಗೂ ಶಕ್ತಿ ಕೊಟ್ಟು ಹೊರಬಿದ್ದ ನೀರು ಪೇಜ್ ನದಿಗೆ ಇಳಿಯುತ್ತದೆ. ಹೀಗಾಗಿ ಡೊಂಬಿವಲಿಯ ಫ್ಲ್ಯಾಟಿನಿಂದ ಬಂದ ಲ್ಯಾಬ್ರಡಾರ್ ಒಂದು ಇಲ್ಲಿ ಈಜು ಹೊಡೆಯುವಾಗ, ಅದರ ಬೆನ್ನ ಮೇಲಿಂದ ಜಾರುವ ನೀರಿನಲ್ಲಿ ಒಂದು ಪಾಲು ಕಲಬುರಗಿಯ ಕಡೆಗೆ ಹೋಗಬೇಕಾಗಿದ್ದದ್ದು.

ಆ ನೀರು ತನ್ನ ಹಳೆಯ ದಾರಿಯಲ್ಲೇ ಸಾಗಿದ್ದರೆ ಪಂಢರಪುರದಲ್ಲೂ ಒಂದು ನಾಯಿಯ ಕಥೆಯನ್ನು ಕೇಳುತ್ತಿತ್ತು. ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ ಸಂತ ನಾಮದೇವರು ತುಪ್ಪದ ಬಟ್ಟಲು ಹಿಡಿದು ಓಡಿದರಂತೆ, ಒಣರೊಟ್ಟಿ ಗಂಟಲಿಗೆ ಇಳಿಯಲಿಕ್ಕಿಲ್ಲ ಎಂದು. ಮಹಾರಾಷ್ಟ್ರದ ಮನೆಮನೆಯಲ್ಲಿ ಮಕ್ಕಳು ಈ ಕಥೆ ಕೇಳಿ ಬೆಳೆಯುತ್ತಾರೆ. ಪಂಢರಪುರದ ವಿಠ್ಠಲ ಕನ್ನಡಿಗರಿಗೂ ದೂರದವನಲ್ಲವಾದ್ದರಿಂದ ಮುಂಬಯಿ ಸುತ್ತಿನ ಕನ್ನಡ ಮನೆಗಳಿಗೂ ಇದು ಗೊತ್ತು.

ಈ ಊರುಗಳ ಕನ್ನಡ ಮನೆಗಳಲ್ಲಿ ಬಹಳಷ್ಟರ ಬೇರು ದಕ್ಷಿಣ ಕನ್ನಡ, ಉಡುಪಿ, ಕುಂದಾಪುರಗಳಲ್ಲಿದೆ. ಹೋಟೆಲ್ ಕೆಲಸಕ್ಕೆಂದು, ಬ್ಯಾಂಕು, ಕಾರ್ಖಾನೆಯ ನೌಕರಿಗೆಂದು ಬಂದವರು ಮುಂಬಯಿಯಲ್ಲಿ ಬಾಡಿಗೆ ಕೊಡಲಾಗದೆ ಸೆಂಟ್ರಲ್ ರೈಲ್ವೆಯ ಹಳಿ ಹಿಡಿದು ಥಾಣೆಗೆ, ಡೊಂಬಿವಲಿಗೆ, ಕಲ್ಯಾಣಿಗೆ ಸರಿದರು. ಆಮೇಲೆ ವಾಶಿ, ನೆರೂಲ್, ಖಾರ್‌ಘರ್‌ಗಳಲ್ಲಿ ನೆಲೆಯಾದರು. ಊರಿನ ಮನೆಯಲ್ಲಿ ನಾಯಿಗೆ ಅಂಗಳವಿತ್ತು, ಗದ್ದೆಯ ಹುಣಿಯಿತ್ತು, ತೋಡಿತ್ತು. ರಾತ್ರಿ ಅದು ಜಗಲಿಯ ಕೆಳಗೆ ಮಲಗುತ್ತಿತ್ತು; ಹಗಲು ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಇಲ್ಲಿನ ನಾಯಿಗೆ ಇರುವುದು ಒಂದು ಹಾಲ್, ಒಂದು ಗ್ಯಾಲರಿ, ದಿನಕ್ಕೆರಡು ಬಾರಿ ಲಿಫ್ಟು, ಕೆಳಗೆ ಸ್ಕೂಟರುಗಳ ನಡುವಿನ ಕಿರುದಾರಿ. ಅಜ್ಜಿ ಮನೆಯ ನಾಯಿಯ ಕಥೆ ಕೇಳಿದ ಮಕ್ಕಳು ಹಟ ಹಿಡಿದು ನಾಯಿ ತರಿಸುತ್ತಾರೆ. 2022ರ ಜೂನಿನಲ್ಲಿ ‘777 ಚಾರ್ಲಿ’ ತೆರೆಗೆ ಬಂದಾಗ, ಒಂಟಿ ಮನುಷ್ಯನೊಬ್ಬ ಕಾಯಿಲೆಬಿದ್ದ ಲ್ಯಾಬ್ರಡಾರನ್ನು ಕರೆದುಕೊಂಡು ಹಿಮ ತೋರಿಸಲು ಹೊರಡುವ ಆ ಕಥೆ ನೋಡಿ ಕಣ್ಣೊರೆಸಿಕೊಂಡವರಲ್ಲಿ ಮುಂಬಯಿ ಕನ್ನಡಿಗರೂ ಇದ್ದರು. ಹಿಮ ದೂರದ ಮಾತು. ನದಿ ದಂಡೆ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ಹಾಗೆ ನೋಡಿದರೆ ಈ ನಾಲ್ಕು ಊರುಗಳಿಗೂ ನೀರಿಗೆ ಬರವಿಲ್ಲ. ಥಾಣೆಯನ್ನು ಕೆರೆಗಳ ನಗರ ಎಂದೇ ಕರೆಯುತ್ತಾರೆ. ಮೂವತ್ತಕ್ಕೂ ಹೆಚ್ಚು ಕೆರೆಗಳಿವೆ. ಕೋಪಿನೇಶ್ವರ ದೇವಸ್ಥಾನದ ಬಳಿಯ ಮಾಸುಂದಾ ಕೆರೆಗೆ, ಅಂದರೆ ತಲಾವ್ ಪಾಳಿಗೆ, ಸಂಜೆಯಾದರೆ ಜಾತ್ರೆಯ ಜನ. ಯೇವೂರ್ ಬೆಟ್ಟದ ಬುಡದಲ್ಲಿ ಉಪವನ ಕೆರೆಯಿದೆ. ಆದರೆ ಸುತ್ತ ಕಟ್ಟೆ, ಕಟ್ಟೆಯ ಮೇಲೆ ಕಬ್ಬಿಣದ ಬೇಲಿ, ಬೇಲಿಯಾಚೆ ದೋಣಿಗಳು. ಊರಿನ ಪೂರ್ವಕ್ಕೆ ಹರಡಿರುವ ಖಾರಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುವ ಕೆಸರಿನಲ್ಲಿ ನಾಯಿಯನ್ನು ಓಡಲು ಬಿಡುವುದು ಅನ್ಯಾಯ.

ನವಿ ಮುಂಬಯಿಯ ನೀರಿಗೆ ಬೇರೆಯೇ ಕೆಲಸವಿದೆ. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಈ ನಗರವನ್ನು ಕಟ್ಟಿದ ನೆಲದಲ್ಲಿ ಹಲವೆಡೆ ಭರತದ ಮಟ್ಟ ನೆಲದ ಮಟ್ಟಕ್ಕಿಂತ ಮೇಲೇರುತ್ತದೆ. ಸಮುದ್ರ ಏರಿದಾಗ ಬಾಗಿಲು ಮುಚ್ಚಿ, ಮಳೆನೀರನ್ನು ಒಳಗೇ ಹಿಡಿದಿಟ್ಟು, ಇಳಿತದ ಹೊತ್ತಿಗೆ ಹೊರಬಿಡಲೆಂದು ಡಚ್ಚರ ಮಾದರಿಯಲ್ಲಿ ಹೊಂಡಗಳನ್ನು ತೋಡಿದರು. ನೆರೂಲಿನಲ್ಲಿ ‘ಜ್ಯುವೆಲ್ ಆಫ್ ನವಿ ಮುಂಬಯಿ’ ಎಂಬಲ್ಲಿ ಜನ ಬೆಳಗಿನ ನಡಿಗೆಗೆ ಹೋಗುವುದು ಅಂಥದೊಂದು ಹೊಂಡದ ಸುತ್ತ. ಹೂಳು ತುಂಬಿ ಕಾಂಡ್ಲಾ ಬೆಳೆದ ಆ ನೀರು ಊರನ್ನು ಮುಳುಗದಂತೆ ಕಾಯುತ್ತದೆ, ಈಜುವುದಕ್ಕೆ ಹೇಳಿದ್ದಲ್ಲ.

ಡೊಂಬಿವಲಿ, ಕಲ್ಯಾಣುಗಳ ಪಕ್ಕದಲ್ಲಿ ಹರಿಯುವುದು ಅದೇ ಉಲ್ಹಾಸ್. ಆದರೆ ಕರ್ಜತ್‌ನಲ್ಲಿ ಕಾಣುವ ಉಲ್ಹಾಸ್ ಕಲ್ಯಾಣ್ ತಲುಪುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಉಲ್ಹಾಸನಗರ, ಅಂಬರನಾಥಗಳ ಕಾರ್ಖಾನೆಗಳ ಕೊಳೆಯನ್ನು ಹೊತ್ತ ವಾಲ್ಧುನಿ ಹೊಳೆ ಇಲ್ಲಿಯೇ ಸೇರುವುದು. 2014ರಲ್ಲಿ ಆ ಹೊಳೆಗೆ ಸುರಿದ ರಾಸಾಯನಿಕದ ಹೊಗೆ ಕುಡಿದು ಉಲ್ಹಾಸನಗರದ ನೂರಾರು ಜನ ಆಸ್ಪತ್ರೆ ಸೇರಿದ್ದರು. ದುರ್ಗಾಡಿ ಕೋಟೆಯ ಕೆಳಗೋ ಡೊಂಬಿವಲಿಯ ರೇತಿಬಂದರಿನಲ್ಲೋ ನಿಂತು ನದಿಯನ್ನು ನೋಡಬಹುದು. ನಾಯಿಯನ್ನು ಇಳಿಸಲು ಮನಸ್ಸು ಬರುವುದಿಲ್ಲ.

ಆದ್ದರಿಂದ ಪ್ರಯಾಣ ನದಿಯ ಮೇಲ್ಭಾಗಕ್ಕೆ. ಥಾಣೆ, ಡೊಂಬಿವಲಿ, ಕಲ್ಯಾಣಿನ ಕಾರುಗಳು ಬದಲಾಪುರ, ವಾಂಗಣಿ, ನೇರಳ್ ದಾಟಿ ಬರುತ್ತವೆ. ನವಿ ಮುಂಬಯಿಯವು ಪನ್ವೇಲ್, ಚೌಕ್ ಕಡೆಯಿಂದ. ಎರಡೂ ದಾರಿ ಕರ್ಜತ್‌ನಲ್ಲಿ ಕೂಡುತ್ತವೆ. ಕಲ್ಯಾಣಿನಿಂದ ಕರ್ಜತ್‌ಗೆ ಲೋಕಲ್ ರೈಲಿದೆ, ಹಳಿಯ ಲೆಕ್ಕದಲ್ಲಿ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ಆ ಗದ್ದಲದಲ್ಲಿ ನಾಯಿಯನ್ನು ನಿಲ್ಲಿಸುವುದೆಲ್ಲಿ? ದೂರದ ರೈಲುಗಳಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ ಕಾದಿರಿಸಿದವರು ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬಹುದು. ಇಲ್ಲದಿದ್ದರೆ ಗಾರ್ಡಿನ ಬ್ರೇಕ್ ವ್ಯಾನಿನಲ್ಲಿರುವ ಪೆಟ್ಟಿಗೆಯೇ ಗತಿ. ರಾತ್ರಿಯಿಡೀ ಆ ಕತ್ತಲೆ ಪೆಟ್ಟಿಗೆಯಲ್ಲಿ ಕೂರಿಸಲು ಮನಸ್ಸಾಗದೆ, ರಜೆಯಲ್ಲಿ ಊರಿಗೆ ಹೊರಟಾಗ ಮನೆಯಲ್ಲೊಬ್ಬರು ನಾಯಿಗಾಗಿ ಉಳಿದುಬಿಡುವುದುಂಟು. ಎರಡು ದಿನದ ನದಿ ಪ್ರಯಾಣದಲ್ಲಿ ಆ ಕಷ್ಟವಿಲ್ಲ. ಯಾರೂ ಹಿಂದೆ ಉಳಿಯಬೇಕಾಗಿಲ್ಲ.

ಹಿಂದಿನ ರಾತ್ರಿಯೇ ಚೀಲ ತುಂಬುತ್ತದೆ. ಬೆಲ್ಟು, ಗಟ್ಟಿಯ ಉದ್ದ ಹಗ್ಗ, ಎರಡು ಬಟ್ಟಲು, ಮನೆಯ ನೀರಿನ ಕ್ಯಾನು, ಹಳೆಯ ಟವೆಲುಗಳು, ಲಸಿಕೆಯ ಪುಸ್ತಕ, ಹೇಲು ಎತ್ತುವ ಚೀಲಗಳು, ಬೆನ್ನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್. ಆ ಹಿಡಿಕೆಯ ಬೆಲೆ ಗೊತ್ತಾಗುವುದು, ಸುಸ್ತಾದ ನಾಯಿಯನ್ನು ಒಂದೇ ಕೈಯಲ್ಲಿ ನೀರಿನಿಂದ ಎತ್ತಬೇಕಾದಾಗ. ಬೆಲ್ಟಿಗೆ ಮನೆಯವರ ಮೊಬೈಲ್ ನಂಬರ್ ಕೊರೆದ ಬಿಲ್ಲೆ ಕಟ್ಟಿರುತ್ತಾರೆ. ಈ ಸಾಮಾನುಗಳು ಕಪಾಟಿನಿಂದ ಹೊರಬಿದ್ದ ಗಳಿಗೆಯಿಂದ ನಾಯಿ ಬಾಗಿಲು ಬಿಟ್ಟು ಕದಲುವುದಿಲ್ಲ.

ನೀರಿಗಿಳಿಯುವುದರಲ್ಲಿ ಒಂದೊಂದು ನಾಯಿಯದು ಒಂದೊಂದು ರೀತಿ. ಲ್ಯಾಬ್ರಡಾರಿನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ದುಡಿದವರು. ಬೆರಳುಗಳ ನಡುವೆ ಚರ್ಮ, ಎರಡು ಪದರದ ಎಣ್ಣೆಗೂದಲು, ಚುಕ್ಕಾಣಿಯ ಕೆಲಸ ಮಾಡುವ ದಪ್ಪ ಬಾಲ. ಇದಕ್ಕೆ ಯಾರೂ ಈಜು ಕಲಿಸಬೇಕಾಗಿಲ್ಲ, ಸಾಕು ಬಾ ಎನ್ನುವುದನ್ನು ಮಾತ್ರ ಕಲಿಸಬೇಕು. ಹೆಚ್ಚು ಹೊತ್ತು ಈಜಿದ ಲ್ಯಾಬ್ರಡಾರಿನ ಬಾಲ ಮರುದಿನ ಸೋತು ಜೋತುಬೀಳುವುದುಂಟು. ಕೆಲವು ದಿನಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ಪಗ್, ಬುಲ್‌ಡಾಗ್‌ಗಳ ಮಾತು ಬೇರೆ. ಮೊಂಡು ಮೂಗು, ಭಾರದ ಎದೆ, ಗಿಡ್ಡ ಕಾಲು. ಜಾಕೆಟ್ ಇಲ್ಲದೆ ಆಳಕ್ಕೆ ಬಿಟ್ಟರೆ ಮುಳುಗಿಹೋಗುತ್ತವೆ. ಅವುಗಳಿಗೆ ಪಾದ ಮುಳುಗುವಷ್ಟು ನೀರೇ ಹಬ್ಬ.

ಬೀದಿಯಿಂದ ಮನೆಗೆ ಬಂದ ದೇಶಿ ನಾಯಿ, ಈಗ ಎಲ್ಲರೂ ಪ್ರೀತಿಯಿಂದ ಇಂಡಿ ಎನ್ನುವ ನಾಯಿ, ಯಾವುದಕ್ಕೂ ಅವಸರ ಮಾಡುವುದಿಲ್ಲ. ದಂಡೆಯಲ್ಲಿ ನಿಂತು ಗಾಳಿ ಮೂಸುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಅಂದಾಜು 50–60 ಲಕ್ಷವಾದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲೆ. ಬೆಳಿಗ್ಗೆ ನೀರು ಕುಡಿದುಹೋದ ಎಮ್ಮೆ, ರಾತ್ರಿ ದಾಟಿದ ಕಾಡುಹಂದಿ, ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಸಾಬೂನು, ಎಲ್ಲವನ್ನೂ ಅದು ಒಂದೊಂದಾಗಿ ಎಣಿಸಿಕೊಳ್ಳುತ್ತಿರುತ್ತದೆ. ಜೊತೆಗೆ ಬಂದ ಮನುಷ್ಯ ಕಾಯಬೇಕು. ಬೆಲ್ಟು ಹಿಡಿದು ಎಳೆದರೆ ನಾಯಿಗೆ ನದಿಯ ಮೇಲಿನ ನಂಬಿಕೆಯೂ ಹೋಗುತ್ತದೆ, ಎಳೆದವರ ಮೇಲಿನದೂ ಹೋಗುತ್ತದೆ. ಕಾದರೆ, ಸ್ವಲ್ಪ ಹೊತ್ತಿನಲ್ಲಿ ಒಂದು ಪಾದ, ಮತ್ತೆ ಒಂದು ಪಾದ, ಆಮೇಲೆ ಹೊಟ್ಟೆಯವರೆಗೆ ನೀರು. ದಡಕ್ಕೆ ಬಂದು ಎಲ್ಲರ ಮಧ್ಯದಲ್ಲೇ ನಿಂತು ಮೈ ಕೊಡವುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2012ರಲ್ಲಿ ಈ ಕೊಡವುವಿಕೆಯನ್ನೇ ಅಧ್ಯಯನ ಮಾಡಿ, ಕೂದಲಿನ ಪ್ರಾಣಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮೈಮೇಲಿನ ನೀರಿನ ಶೇ. 70ರಷ್ಟನ್ನು ಹೊರಗೆಸೆಯಬಲ್ಲವು ಎಂದು ತೋರಿಸಿದ್ದಾರೆ. ಉಳಿದ ಶೇ. 30 ಟವೆಲಿನ ಪಾಲು.

ದಂಡೆಯ ತುಂಬ ಹಲವು ಭಾಷೆಗಳು. ಕೂರಿಸುವುದು, ನಿಲ್ಲಿಸುವುದು ಇಂಗ್ಲಿಷಿನಲ್ಲಿ: ಸಿಟ್, ಸ್ಟೇ. ಮುದ್ದು ಮಾತ್ರ ಮನೆಮಾತಿನಲ್ಲಿ. “ಇಂಚ ಬಲ ಮಗಾ” ಎಂದು ಒಬ್ಬರು ತುಳುವಿನಲ್ಲಿ ಕರೆದರೆ, “ಬಾ ಮಾರಾಯಾ, ಸಾಕು” ಎಂದು ಇನ್ನೊಬ್ಬರು ಕುಂದಾಪುರದ ಕನ್ನಡದಲ್ಲಿ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂಥ ಶಾಲೆಗಳ ಸುತ್ತ ಬೆಳೆದವರು ನಾಯಿಯೊಡನೆಯೂ ಕನ್ನಡ ಬಿಡುವುದಿಲ್ಲ. ಪಕ್ಕದ ಟೆಂಟಿನ ಮರಾಠಿ ಅಜ್ಜಿ “ಇಕಡೇ ಯೇ ಬಾಳಾ” ಎಂದರೆ ಅದೇ ನಾಯಿ ಅಲ್ಲಿಗೂ ಓಡುತ್ತದೆ. ಇದು ಬರೀ ಬಿಸ್ಕತ್ತಿನ ಆಸೆಯಲ್ಲ. ಮೆಕ್ಸಿಕೊದಿಂದ ತನ್ನ ನಾಯಿಯೊಂದಿಗೆ ಹಂಗೆರಿಗೆ ವಲಸೆ ಬಂದ ಸಂಶೋಧಕಿಯೊಬ್ಬರಿಗೆ, ಸುತ್ತಲಿನ ಭಾಷೆ ಬದಲಾದದ್ದು ನಾಯಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಬಂತು. ಬುಡಾಪೆಸ್ಟಿನ ಏಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದಲ್ಲಿ ಅವರೂ ಸಂಗಡಿಗರೂ 18 ನಾಯಿಗಳಿಗೆ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಮಾತು ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಮಿದುಳು ಬೇರೆಬೇರೆಯಾಗಿ ಸ್ಪಂದಿಸಿತು. ಊರು ಬಿಟ್ಟು ಬಂದ ಮನೆಗಳಲ್ಲಿ ಬೆಳೆದ ನಾಯಿಗಳ ಕಿವಿಗೆ ಎಷ್ಟು ಭಾಷೆಗಳ ಪರಿಚಯವಿರಬೇಡ!

ಇಷ್ಟು ಸೊಗಸಿನ ನದಿಯನ್ನು ಎಚ್ಚರದಿಂದ ಓದಲೂ ಬೇಕು. ವಿದ್ಯುತ್ ಕೇಂದ್ರ ನೀರು ಬಿಟ್ಟಾಗ ಕೆಳಗಿನ ಹರಿವು ಮಳೆಯಿಲ್ಲದೆಯೂ ಏರುತ್ತದೆ. ಇದೇ ರಾಯಗಡ ಜಿಲ್ಲೆಯ ಕೋಲಾಡಿನಲ್ಲಿ ಕುಂಡಲಿಕಾ ನದಿಯ ರಾಫ್ಟಿಂಗ್ ನಡೆಯುವುದು ಭಿರಾ ವಿದ್ಯುತ್ ಕೇಂದ್ರದ ಕಡೆಯಿಂದ ಬೆಳಿಗ್ಗೆ ಬಿಡುವ ನೀರನ್ನು ನಂಬಿ. ಹಾಗಾಗಿ ತಿಳಿದವರು ಮರಳಿನ ದಿಬ್ಬದ ಮೇಲೆ ಟೆಂಟು ಹಾಕುವುದಿಲ್ಲ. ನೀರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಟೆಂಟಿಗೆ ಜಾಗ ಬಾಡಿಗೆಗೆ ಕೊಡುವ ಕ್ಯಾಂಪಿನವರನ್ನಷ್ಟೇ ಅಲ್ಲ, ಹಳ್ಳಿಯವರನ್ನೂ ಕೇಳಿ, ಅದಕ್ಕಿಂತ ಎತ್ತರದಲ್ಲಿ ಗೂಟ ಹೊಡೆಯುತ್ತಾರೆ.

ಮಳೆಗಾಲದಲ್ಲಂತೂ ನದಿಗಿಳಿಯುವ ಮಾತೇ ಇಲ್ಲ. 2019ರ ಜುಲೈ 27ರಂದು ಉಲ್ಹಾಸ್ ಉಕ್ಕಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವೆ ನೀರಿನಲ್ಲಿ ನಿಂತುಬಿಟ್ಟಿತು. ಒಂದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ದಡ ಸೇರಿಸಬೇಕಾಯಿತು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಜಿಲ್ಲಾಧಿಕಾರಿಗಳು ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟುಗಳ ಬಳಿ ಹೋಗದಂತೆ ಆದೇಶ ಹೊರಡಿಸುವುದು ಇಂಥ ಸಾವುಗಳನ್ನು ಕಂಡೇ. ನಾಯಿ ಸೆಳವಿಗೆ ಸಿಕ್ಕರೆ ಅದರ ಹಿಂದೆ ಮನುಷ್ಯ ಹಾರುತ್ತಾನೆ; ಪ್ರೀತಿಯೇ ಅಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾಯಿ ಮನೆಯಲ್ಲೇ ಇರಲಿ. ಸರಿಯಾದ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿ. ದೀಪಾವಳಿಯ ಪಟಾಕಿಗೆ ಮಂಚದಡಿ ನಡುಗುವ ನಾಯಿಗಳನ್ನು ಆ ವಾರವೇ ನಗರದಿಂದ ದೂರ ಕರೆದೊಯ್ಯುವವರೂ ಇದ್ದಾರೆ.

ಮಾರ್ಚ್ ಬಂತೆಂದರೆ ಇನ್ನೊಂದು ಅಪಾಯ. ನಾಯಿಯ ಮೈಯ ಸಹಜ ಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರಗ್ರಂಥಿಗಳಿರುವುದು ಮುಖ್ಯವಾಗಿ ಪಾದದಡಿಯಲ್ಲಿ. ನಾಲಿಗೆ ಚಾಚಿ ತೇಕುವುದೇ ಅದರ ತಂಪು. ಕೊಂಕಣದ ತೇವ ಗಾಳಿಯಲ್ಲಿ ಆ ತೇಕುವಿಕೆ ಸಾಲದು. ಬಿಸಿ 41 ಡಿಗ್ರಿ ಮೀರಿದರೆ ಜೀವಕ್ಕೆ ಅಪಾಯ. ಕುಡಿದವರ ಹಾಗೆ ಹೆಜ್ಜೆ ತಪ್ಪುವುದು, ವಸಡು ಕಡುಗೆಂಪಾಗುವುದು, ಅಂಟು ಜೊಲ್ಲು ಸುರಿಯುವುದು ಕಂಡ ಕೂಡಲೇ ನೆರಳಿಗೆ ಒಯ್ದು, ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ಪಶುವೈದ್ಯರ ಬಳಿಗೆ ಓಡಬೇಕು. ಕಾರಿನೊಳಗೆ ಕಿಟಕಿ ಮುಚ್ಚಿ ಐದೇ ನಿಮಿಷ ಎಂದು ಬಿಟ್ಟುಹೋಗುವುದಂತೂ ಕೂಡದು.

ಊಟದ ಹೊತ್ತಿಗೆ ಮನುಷ್ಯರ ಒಲೆ ಒಂದು, ನಾಯಿಗಳ ಪಾತ್ರೆ ಇನ್ನೊಂದು. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಅನ್ನ, ಸ್ವಲ್ಪ ಕುಂಬಳಕಾಯಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಚಾಕೊಲೇಟು ಹೃದಯಕ್ಕೆ ಹೊಡೆತ ಕೊಡುತ್ತದೆ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಬಿರಿಯಾನಿಯ ತಟ್ಟೆಯ ಮುಂದೆ ಕಣ್ಣರಳಿಸಿ ಕೂತ ನಾಯಿಗೆ ಒಂದು ತುತ್ತು ಹಾಕೋಣ ಎಂದು ಕೈ ಮುಂದಾಗುವ ಅತ್ತೆ, ಮಾವಂದಿರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕಾಗುತ್ತದೆ. ಹೇಳಿದರೆ ಅವರು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಕಾವಲು ಕೂರುತ್ತಾರೆ.

ರಾತ್ರಿ ನಾಯಿ ಟೆಂಟಿನೊಳಗೇ. ಸಹ್ಯಾದ್ರಿಯ ತಪ್ಪಲು ಚಿರತೆಗಳ ನಾಡು. ಮುಂಬಯಿ–ಥಾಣೆಗಳ ನಡುವೆ ಸುಮಾರು 104 ಚದರ ಕಿಲೋಮೀಟರ್ ಹರಡಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳ ಆಹಾರದಲ್ಲಿ ನಾಯಿಗಳೂ ಸೇರಿವೆ ಎನ್ನುವುದು ಅಧ್ಯಯನಗಳಿಂದ ಗೊತ್ತಾದ ವಿಷಯ. ಹಾವಿನ ಭಯವೂ ಇದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕೊಡುವ ಮದ್ದನ್ನೇ ಪಶುವೈದ್ಯರು ನಾಯಿಗೂ ಬಳಸುತ್ತಾರೆ. ಅದನ್ನು ಇಟ್ಟುಕೊಂಡ ಹತ್ತಿರದ ವೈದ್ಯರು ಯಾರು ಎಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಕಾಡಿನ ಪ್ರಾಣಿಗಳಿಂದ ನಾಯಿಗೆ ಭಯವಿರುವಂತೆ ನಾಯಿಯಿಂದ ಅವುಗಳಿಗೂ ಇದೆ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಹಲವುಗಳಲ್ಲಿ ಕೆನೈನ್ ಡಿಸ್ಟೆಂಪರ್ ವೈರಾಣು ಸಿಕ್ಕಿತು. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಗ ಅದು, ಲಸಿಕೆಯಿಂದ ತಡೆಯಬಹುದಾದದ್ದು. ತಾನ್ಸಾ ಅಭಯಾರಣ್ಯಕ್ಕೋ ಯೇವೂರಿನ ಕಾಡಿನೊಳಗೋ ನಾಯಿಯನ್ನು ಕರೆದೊಯ್ಯಬಾರದು ಎನ್ನುವುದಕ್ಕೆ ಇಷ್ಟು ಕಾರಣ ಸಾಕು. ಕ್ಯಾಂಪಿನ ಹಳ್ಳಿಗೂ ಅದರದೇ ಆಡುಗಳು, ಕೋಳಿಗಳು, ನಾಯಿಗಳು ಇವೆ. “ದಾದಾ, ಕುತ್ರಾ ಚಾವತೋ ಕಾ?” ಕಚ್ಚುತ್ತದೆಯೇ ಎಂದು ದಾರಿಯಲ್ಲಿ ಸಿಕ್ಕ ಹುಡುಗ ಕೇಳಿದರೆ, ಇಲ್ಲ ಎಂದು ನಕ್ಕು ಮುಂದೆ ಹೋಗುವುದಕ್ಕಿಂತ, ನಿಂತು ಹಗ್ಗ ಗಿಡ್ಡ ಮಾಡಿ ಅವನಿಗೆ ದಾರಿ ಬಿಡುವುದು ಮರ್ಯಾದೆ.

ಬೆಂಕಿಯ ಸುತ್ತ ಕೂತವರ ಮಾತು ನಾಯಿಯಿಂದ ನಾಯಿಗೆ ಹೊರಳುತ್ತದೆ. ಗುಂಪಿನಲ್ಲಿ ಒಂದು ಮುಧೋಳ ನಾಯಿಯಿದ್ದರೆ ಎಲ್ಲರ ಕಣ್ಣೂ ಅದರ ಮೇಲೆ. ಸಪೂರ ಮೈ, ಉದ್ದ ಮೂತಿ. ನೀರಿಗಿಂತ ಬಯಲು ಇಷ್ಟ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ಈ ತಳಿಯನ್ನು ಮಹಾರಾಷ್ಟ್ರದ ಬಯಲುಸೀಮೆಯಲ್ಲಿ ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಭಾರತೀಯ ತಳಿಗಳ ನಾಲ್ಕು ಅಂಚೆಚೀಟಿ ತಂದಾಗ ಒಂದರಲ್ಲಿ ಮುಧೋಳದ್ದೇ ಚಿತ್ರ. ಬಯಲಲ್ಲಿ ಬಿಟ್ಟರೆ ಕರೆ ಕೇಳಿಸದಷ್ಟು ದೂರ ಓಡಿಬಿಡುವುದರಿಂದ ಅದಕ್ಕೆ ಉದ್ದ ಹಗ್ಗವೇ ಕ್ಷೇಮ. ಮಾತು ಮುಂದುವರಿದರೆ ಮದ್ದೂರು ತಾಲ್ಲೂಕಿನ ಆತಕೂರಿಗೂ ಹೋಗುತ್ತದೆ. ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದ ಬೆನ್ನಿಗೆ, ಮಣಲೇರನೆಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಾತು ದೇವರತ್ತ ತಿರುಗಿದರೆ, ಜೇಜುರಿಯ ಖಂಡೋಬನೇ ಕನ್ನಡದ ಮೈಲಾರಲಿಂಗ. ಎರಡೂ ಕಡೆ ದೇವರ ಪಕ್ಕದಲ್ಲಿ ನಾಯಿ ಇದೆ. ಮಹಾರಾಷ್ಟ್ರದ ಮಣ್ಣಿನಲ್ಲಿ ನೆಲೆಯಾದ ಕನ್ನಡಿಗರಿಗೆ ಇದು ಎರಡು ಮನೆಗಳಿಗೂ ಸೇರಿದ ಸ್ವತ್ತು.

ಭಾನುವಾರ ಬೆಳಿಗ್ಗೆ ಕೊನೆಯ ಈಜು, ಆಮೇಲೆ ಕೆಲಸ. ಕಿವಿಯೊಳಗೆ ನೀರು ನಿಂತರೆ ಸೋಂಕಾಗುತ್ತದೆ, ಅದನ್ನು ಹತ್ತಿಯಿಂದ ಒರೆಸಬೇಕು. ಬೆರಳುಸಂದು, ಕಿವಿಯ ಹಿಂದೆ, ಬಾಲದ ಬುಡ, ಎಲ್ಲ ಕಡೆ ಉಣುಗು ಹುಡುಕಬೇಕು. ಉಣುಗಿನಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಬರಿದುಮಾಡುತ್ತದೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ಅದರ ಮೂಲಕ ಮನೆಯವರಿಗೂ. 2005ರ ಜುಲೈ 26ರ ಮಹಾಮಳೆಯಾದ ಮೇಲೆ ಮುಂಬಯಿ ಕಂಡ ಸಾವುಗಳಲ್ಲಿ ಈ ರೋಗದ ಪಾಲೂ ಇತ್ತು. ಅದಕ್ಕೇ ಹರಿಯುವ ನೀರಿನಲ್ಲಿ ಮಾತ್ರ ಈಜು, ಗುಂಡಿಯ ನೀರು ಕುಡಿಸಬಾರದು, ರೇಬೀಸ್ ಜೊತೆಗೆ ಲೆಪ್ಟೊ ಲಸಿಕೆಯೂ ವರ್ಷವರ್ಷ ಬೇಕು. ಹೇಲು, ಪ್ಲಾಸ್ಟಿಕ್, ಕೋಳಿಮೂಳೆ ಎಲ್ಲವೂ ಚೀಲಕ್ಕೆ, ಚೀಲ ಕಾರಿಗೆ. ಕೆಳಗಿನ ಊರುಗಳು ಇದೇ ಉಲ್ಹಾಸಿನ ನೀರನ್ನು ಕುಡಿಯುತ್ತವೆ. ಇಲ್ಲಿ ಬಿಟ್ಟುಬಂದದ್ದು ಒಂದಲ್ಲ ಒಂದು ದಿನ ಮನೆಯ ನಲ್ಲಿಗೇ ಬರುವಂಥದ್ದು.

ಕಾರು, ಪೆಟ್ರೋಲು, ಕ್ಯಾಂಪಿನ ಬಾಡಿಗೆ ಎಲ್ಲರಿಗೂ ನಿಲುಕುವುದಿಲ್ಲ. ಕಲ್ಯಾಣಿನ ಚಾಳಿನಲ್ಲಿ ಬೀದಿನಾಯಿಯೊಂದನ್ನು ಎತ್ತಿ ಸಾಕಿದ ರಿಕ್ಷಾ ಚಾಲಕನ ನಾಯಿಗೂ ನೀರು ಬೇಕು, ಓಡಲು ನೆಲ ಬೇಕು. ನಗರಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೇಲಿ ಹಾಕಿದ ಆವರಣದಲ್ಲಿ ನಾಯಿಗಳನ್ನು ಹಗ್ಗವಿಲ್ಲದೆ ಬಿಡಬಹುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರಾಸ್ಪೆಕ್ಟ್ ಪಾರ್ಕಿನ ಕೊಳದಂಚಿನಲ್ಲಿ ನಾಯಿಗಳು ಇಳಿಯಲೆಂದೇ ಒಂದು ಮೂಲೆ ಬಿಟ್ಟಿದ್ದಾರೆ. ಅದೇ ಪಾರ್ಕಿನ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಒಂಬತ್ತರ ಮೊದಲು, ರಾತ್ರಿ ಒಂಬತ್ತರ ನಂತರ ನಾಯಿಗಳಿಗೆ ಹಗ್ಗವಿಲ್ಲದ ಹೊತ್ತು, ಉಳಿದ ಸಮಯ ಎಲ್ಲರದು. ಜಾಗ ಸಾಲದ ಊರಿನಲ್ಲಿ ಹೊತ್ತನ್ನು ಹಂಚಿಕೊಳ್ಳುವ ಈ ಏರ್ಪಾಟು ಮುಂಬಯಿ ಸುತ್ತಿನ ಊರುಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಥಾಣೆ, ಕಲ್ಯಾಣ್–ಡೊಂಬಿವಲಿ, ನವಿ ಮುಂಬಯಿಯ ಮೂರು ಮಹಾನಗರ ಪಾಲಿಕೆಗಳೂ ಒಂದೊಂದು ಉದ್ಯಾನದಲ್ಲಿ ಎದೆಯುದ್ದಕ್ಕಿಂತ ಆಳವಿಲ್ಲದ ಒಂದು ಕೊಳ, ನಾಯಿ ಹೊರಗೆ ಓಡದಂತೆ ಜೋಡಿ ಬಾಗಿಲಿನ ಬೇಲಿ, ಒಂದು ನಲ್ಲಿ, ನೆರಳಿಗೆ ಎರಡು ಮರ ಕೊಡಬಹುದು. ಬಾಗಿಲಲ್ಲಿ ಲಸಿಕೆಯ ಪುಸ್ತಕ ಮತ್ತು ಪಾಲಿಕೆಯ ಪರವಾನಗಿ ನೋಡಿ ಒಳಗೆ ಬಿಡಲಿ. ರೇಬೀಸ್ ಲಸಿಕೆ ಹಾಕಿಸದವರು ಆ ನೆಪದಲ್ಲಾದರೂ ಹಾಕಿಸುತ್ತಾರೆ. ಶುಲ್ಕವಿಟ್ಟರೂ ರಿಕ್ಷಾ ಚಾಲಕನಿಗೆ ಭಾರವಾಗದಷ್ಟಿರಲಿ. ಹೇಲು ಎತ್ತದವರಿಗೆ ದಂಡ ಹಾಕಲಿ, ಕೊಳದ ನೀರನ್ನು ವಾರವಾರ ಬದಲಿಸಲಿ. ಕರ್ಜತ್‌ನ ದಂಡೆಯಲ್ಲಿ ನಾಯಿಗಳನ್ನು ಜವಾಬ್ದಾರಿಯಿಂದ ನೋಡಿಕೊಳ್ಳಲು ಕಲಿತ ಕುಟುಂಬಗಳು ಈ ನಾಲ್ಕೂ ಊರುಗಳಲ್ಲಿವೆ. ಬೆಳಗಿನ ಪಾಳಿಯಲ್ಲಿ ಬಾಗಿಲು ಕಾಯುವುದಕ್ಕೆ, ಹೊಸಬರಿಗೆ ನಿಯಮ ಹೇಳಿಕೊಡುವುದಕ್ಕೆ ಪಾಲಿಕೆ ಕರೆದರೆ ಆ ಮನೆಯವರು ಬರುತ್ತಾರೆ.